ಮಿತಿ ಹಾಕಿಕೊಂಡರೆ ಸಾಕೆ?



ನಿಮ್ಮ ಧರ್ಮಕೇಂದ್ರದಲ್ಲೂ ಇಂಥ ಯುವಕನೊಬ್ಬ ಇದ್ದಾನು. ಓದಿದವನು, ಒಳ್ಳೆಯ ಸಂಬಳದ ಕೆಲಸದಲ್ಲಿರುವವನು, ಭಾನುವಾರದ ಬಲಿಪೂಜೆ ತಪ್ಪಿಸದವನು. ಕುಡಿತವಿಲ್ಲ, ಜೂಜಿಲ್ಲ, ಸಾಲವಿಲ್ಲ. ಇರುವ ಒಂದೇ ಹುಚ್ಚೆಂದರೆ ಕೈಗಡಿಯಾರ. ಐದು ವರ್ಷಗಳಲ್ಲಿ ಐದು ಲಕ್ಷ ರೂಪಾಯಿ, ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ಮಿತಿ ಹಾಕಿಕೊಂಡು, ಹೆಸರಾಂತ ಕಂಪೆನಿಗಳ ಗಡಿಯಾರಗಳ ಸಂಗ್ರಹವೊಂದನ್ನು ಪ್ರಾರಂಭಿಸಬೇಕೆಂದು ಅವನ ಆಸೆ. “ನನ್ನ ದುಡಿಮೆಯ ಹಣ, ಲೆಕ್ಕದೊಳಗಿನ ಖರ್ಚು. ಇದರಲ್ಲಿ ಪಾಪವೇನಿದೆ?” ಎಂದು ಅವನು ಕೇಳುತ್ತಾನೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಗಂಟೆ ನೋಡಲು ಮೊಬೈಲ್ ಸಾಲದೇ ಎಂದು ಹಿರಿಯರು ಗದರಿಸಬಹುದು. ಆದರೆ ಮೈ ಮುಚ್ಚಲು ಹತ್ತಿಯ ಸೀರೆ ಸಾಲದೇ ಎಂದು ನಾವು ಮದುವೆಯ ರೇಷ್ಮೆ ಅಂಗಡಿಯಲ್ಲಿ ಕೇಳಿಕೊಳ್ಳುತ್ತೇವೆಯೇ? ಬ್ಯಾಂಕಿನ ಲಾಕರಿನಲ್ಲಿ ಚಿನ್ನವಿಟ್ಟು ವರ್ಷಕ್ಕೊಮ್ಮೆ ಹೋಗಿ ನೋಡಿ ಬರುವವರಿಗೆ, ಕೈಗೆ ಕಟ್ಟಿಕೊಳ್ಳುವ ಗಡಿಯಾರವನ್ನು ಆಡಂಬರವೆಂದು ಹಳಿಯುವ ಹಕ್ಕು ಅಷ್ಟಾಗಿ ಇಲ್ಲ. ಆದುದರಿಂದ ಯುವಕನ ಪ್ರಶ್ನೆಯನ್ನು ಗೌರವದಿಂದಲೇ ತೆಗೆದುಕೊಳ್ಳೋಣ.

ಮೊದಲು, ಆ ಹಣಕ್ಕೆ ಸಿಗುವುದೇನು ಎಂದು ತಿಳಿಯಬೇಕು. ಸರಿಯಾದ ಸಮಯವಂತೂ ಅಲ್ಲ. ಸ್ವಿಜರ್‌ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಯಾಂತ್ರಿಕ ಕೈಗಡಿಯಾರ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗಬಹುದು. ಬ್ಯಾಟರಿಯಿಂದ ನಡೆಯುವ ಸಾಧಾರಣ ಕ್ವಾರ್ಟ್ಜ್ ಗಡಿಯಾರ ಅಷ್ಟು ತಪ್ಪುವುದಕ್ಕೆ ಹಲವು ದಿನಗಳು ಬೇಕು. ತಿಂಗಳಿಗೆ ಹದಿನೈದು ಸೆಕೆಂಡಿನ ಆಚೀಚೆಗೆ ಅದು ನಿಲ್ಲುತ್ತದೆ. 1969ರ ಕ್ರಿಸ್ತಜಯಂತಿಯ ದಿನವೇ ಜಪಾನಿನ ಸೀಕೋ ಕಂಪೆನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಹದಿನೈದು ವರ್ಷಗಳಲ್ಲಿ ಸ್ವಿಸ್ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿ, ಸಾವಿರಾರು ಕುಶಲಕರ್ಮಿಗಳು ಕೆಲಸ ಕಳೆದುಕೊಂಡರು. ಉಳಿದುಕೊಂಡವರು ಬುದ್ಧಿವಂತಿಕೆಯಿಂದ, ಸಮಯ ತೋರಿಸುವ ಉಪಕರಣವನ್ನು ಬಿಟ್ಟು ಬೇರೇನನ್ನೋ ಮಾರತೊಡಗಿದರು.

ಆ ‘ಬೇರೇನೋ’ ಎಂಬುದರಲ್ಲಿ ಒಳ್ಳೆಯದೂ ಇದೆ. ಕೂದಲೆಳೆಗಿಂತ ತೆಳುವಾದ ಸುರುಳಿ ತಂತಿಯೊಂದು ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತ, ಪುಟ್ಟ ಚಕ್ರವೊಂದನ್ನು ಅತ್ತಿತ್ತ ತೂಗಿಸುತ್ತದೆ. ಇಂದಿನ ಬಹುಪಾಲು ಗಡಿಯಾರಗಳಲ್ಲಿ ಅದು ಗಂಟೆಗೆ 28,800 ಸಲ, ಎಂದರೆ ಸೆಕೆಂಡಿಗೆ ಎಂಟು ಸಲ ಮಿಡಿಯುತ್ತದೆ. ಉತ್ತಮ ಗಡಿಯಾರದಲ್ಲಿ ಮುಚ್ಚಳದ ಒಳಗೆ, ಯಾರ ಕಣ್ಣಿಗೂ ಬೀಳದ ಲೋಹದ ಅಂಚುಗಳನ್ನೂ ಕೈಯಿಂದಲೇ ಉಜ್ಜಿ ಹೊಳೆಯಿಸಿರುತ್ತಾರೆ. ಹಳೆಯ ಮಹಾದೇವಾಲಯಗಳ ಶಿಲ್ಪಿಗಳು ಗೋಡೆಗೆ ಆತುಕೊಂಡ ಪ್ರತಿಮೆಯ ಹಿಂಬದಿಯನ್ನೂ ಕೆತ್ತಿದ್ದುಂಟು. ಮನುಷ್ಯರು ಕಾಣದಿದ್ದರೂ ದೇವರು ಕಾಣುತ್ತಾನೆ ಎಂಬ ಭಾವನೆಯಿಂದ. ಇಂಥ ದುಡಿಮೆಯನ್ನು ಮೆಚ್ಚುವುದು ಪಾಪವಲ್ಲ. ಗಡಿಯಾರವಾದರೂ ನಮ್ಮ ಧರ್ಮಸಭೆಗೆ ಪರಕೀಯವೇನಲ್ಲ. ಹಗಲಿರುಳು ಗೊತ್ತಾದ ವೇಳೆಗೆ ಪ್ರಾರ್ಥನೆಗೆ ಏಳಬೇಕಾಗಿದ್ದ ಸನ್ಯಾಸಿ ಮಠಗಳಿಗೆ ಕಾಲದ ಲೆಕ್ಕ ಬೇಕಾಗಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಅಧಿಪತಿ ವಾಲಿಂಗ್‌ಫರ್ಡಿನ ರಿಚರ್ಡ್ ಸೂರ್ಯಚಂದ್ರರ ಗತಿಯನ್ನು ತೋರಿಸುವ ದೊಡ್ಡ ಗಡಿಯಾರವನ್ನೇ ಯೋಜಿಸಿದ್ದರು. ಯೇಸುಸಭೆಯ ಗುರು ಮತ್ತೇಯೊ ರಿಚ್ಚಿಯವರಿಗೆ 1601ರಲ್ಲಿ ಪೀಕಿಂಗಿನ ಬಾಗಿಲು ತೆರೆದದ್ದು ಬಹುಮಟ್ಟಿಗೆ ಅವರು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದ, ತಾನೇ ಗಂಟೆ ಬಾರಿಸುವ ಗಡಿಯಾರಗಳಿಂದ.

ಅದೇ 1601ರಲ್ಲಿ ಜಿನೀವಾ ನಗರದ ಗಡಿಯಾರ ತಯಾರಕರು ತಮ್ಮ ಸಂಘ ಕಟ್ಟಿಕೊಂಡರು. ಅದರ ಹಿಂದೊಂದು ಸ್ವಾರಸ್ಯವಿದೆ. ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನ್ನನ ಪ್ರಭಾವಕ್ಕೆ ಒಳಗಾಗಿದ್ದ ಆ ನಗರದಲ್ಲಿ ಆಭರಣಗಳಿಗೆ ನಿಷೇಧ ಬಂದಿತು. ಕೆಲಸ ತಪ್ಪಿದ ಅಕ್ಕಸಾಲಿಗರು, ಉಪಯೋಗದ ವಸ್ತುವೆಂಬ ಹೆಸರಿನಲ್ಲಿ ಉಳಿದುಕೊಂಡ ಗಡಿಯಾರದ ಕಡೆಗೆ ತಿರುಗಿದರು. ಆಡಂಬರವನ್ನು ಮುಂಬಾಗಿಲಿನಿಂದ ಹೊರಗಟ್ಟಿದರೆ ಅದು ಹಿತ್ತಿಲ ಬಾಗಿಲಿನಿಂದ ‘ಅಗತ್ಯ’ ಎಂಬ ವೇಷ ತೊಟ್ಟು ಒಳಗೆ ಬಂತು! ನಾವು ಕಥೋಲಿಕರು ನಗಬೇಕಾಗಿಲ್ಲ. ಆ ಹಿತ್ತಿಲ ಬಾಗಿಲು ನಮ್ಮ ಮನೆಗಳಿಗೂ ಇದೆ.

ಇನ್ನು ಶುಭಸಂದೇಶದ ಮಾತು. ಬೆಲೆಬಾಳುವ ವಸ್ತುಗಳ ಪರವಾಗಿ ವಾದಿಸುವವರು ಬೆಥಾನಿಯದ ಮರಿಯಳನ್ನು ನೆನಪಿಸುವುದುಂಟು. ಅವಳು ಯೇಸುಸ್ವಾಮಿಯ ಪಾದಗಳಿಗೆ ಸುರಿದ ಸುಗಂಧ ತೈಲದ ಬೆಲೆ ಮುನ್ನೂರು ದಿನಾರಿ ಎಂದು ಯೊವಾನ್ನರು ಬರೆಯುತ್ತಾರೆ. ದಿನಗೂಲಿಯವನ ಸುಮಾರು ಒಂದು ವರ್ಷದ ಸಂಬಳ ಅದು. ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಆಕ್ಷೇಪಿಸಿದವನು ಯೂದ. ಪ್ರಭು ಅವಳ ಪರವಾಗಿ ನಿಂತರು. ಹಾಗಾದರೆ ದುಬಾರಿ ವಸ್ತುವಿಗೆ ಪ್ರಭುವಿನ ಒಪ್ಪಿಗೆಯಿದೆ ಎನ್ನೋಣವೇ? ಆ ತೈಲಕ್ಕೆ ಏನಾಯಿತು ಎಂಬುದನ್ನು ಗಮನಿಸಿ. ಮಾರ್ಕರು ಹೇಳುವಂತೆ ಭರಣಿಯೇ ಒಡೆದುಹೋಯಿತು. ಇನ್ನೊಬ್ಬರಿಗಾಗಿ, ಒಂದೇ ಸಲಕ್ಕೆ, ಹನಿಯೂ ಉಳಿಯದಂತೆ ಸುರಿದುಹೋದ ಸಂಪತ್ತು ಅದು. ವೆಲ್ವೆಟ್ ಹಾಸಿದ ಪೆಟ್ಟಿಗೆಯಲ್ಲಿ ಆರು ಭರಣಿಗಳನ್ನು ಸಾಲಾಗಿಟ್ಟು ಭಾನುವಾರ ಸಂಜೆ ಒರೆಸಿಡುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಪೆಟ್ಟಿಗೆಗೆ ಹತ್ತಿರವಾದ ಸಾಮತಿ ಲೂಕರ ಹನ್ನೆರಡನೆಯ ಅಧ್ಯಾಯದಲ್ಲಿದೆ: ಬೆಳೆ ಹೆಚ್ಚಾಯಿತೆಂದು ಇದ್ದ ಕಣಜ ಕೆಡವಿ ದೊಡ್ಡದನ್ನು ಕಟ್ಟಲು ಯೋಚಿಸಿದ ಧನಿಕನದು. ಅವನೂ ಕದ್ದವನಲ್ಲ, ಸಾಲಗಾರನೂ ಅಲ್ಲ. ಅವನದೂ ಲೆಕ್ಕದೊಳಗಿನ ಬಾಳೇ ಆಗಿತ್ತು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಕಠೋರವಲ್ಲ, ಸಡಿಲವೂ ಅಲ್ಲ. ಹೊರಗಿನ ವಸ್ತುಗಳಲ್ಲಿ ದೋಷವಿಲ್ಲ, ಅಳತೆ ಮೀರಿ ಬಳಸುವವನಲ್ಲಿ ದೋಷವಿದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ನಿಲುವು. ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ ತಮ್ಮ ‘ರೇರುಮ್ ನೊವಾರುಮ್’ ವಿಶ್ವಪರಿಪತ್ರದಲ್ಲಿ, ಮನುಷ್ಯನು ತನ್ನ ಅಗತ್ಯಕ್ಕೂ ತನ್ನ ಸ್ಥಾನಕ್ಕೆ ತಕ್ಕ ಬಾಳುವೆಗೂ ಬೇಕಾದಷ್ಟನ್ನು ಇಟ್ಟುಕೊಂಡ ಮೇಲೆ, ಉಳಿದದ್ದರಿಂದ ಬಡವರಿಗೆ ಕೊಡುವುದು ಅವನ ಕರ್ತವ್ಯ ಎಂದು ತಿಳಿಸಿದರು. ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಆ ಪತ್ರದ ನೂರನೆಯ ವರ್ಷದಲ್ಲಿ, 1991ರಲ್ಲಿ, ಚೆನ್ನಾಗಿ ಬದುಕಬೇಕೆಂಬ ಆಸೆ ತಪ್ಪಲ್ಲ, ಇರುವುದಕ್ಕಿಂತ ಹೊಂದುವುದನ್ನೇ ದೊಡ್ಡದೆಂದು ತಿಳಿಯುವ ಜೀವನಶೈಲಿ ತಪ್ಪು ಎಂದು ಸ್ಪಷ್ಟಪಡಿಸಿದರು.

ಲಿಯೋ ಜಗದ್ಗುರುಗಳ ಮಾತಿನಲ್ಲಿ ‘ಸ್ಥಾನಕ್ಕೆ ತಕ್ಕ ಬಾಳುವೆ’ ಎಂಬಲ್ಲಿಯೇ ನಮ್ಮ ಯುವಕನ ಗಡಿಯಾರ ಬಂದು ನಿಲ್ಲುತ್ತದೆ. ದೊಡ್ಡ ಕಂಪೆನಿಗಳ ಜಾಹೀರಾತುಗಳ ಗುರಿಯೂ ಆ ಜಾಗವೇ. ನಿಮ್ಮ ಹುದ್ದೆಗೆ ಇಂಥದು ಬೇಕು, ಸಭೆಯಲ್ಲಿ ಕೈ ಚಾಚಿದಾಗ ಎದುರಿನವರು ನೋಡುವುದು ಇದನ್ನೇ ಎಂದು ಅವು ಪಿಸುಗುಟ್ಟುತ್ತವೆ. ಇನ್ನೂ ನಯವಾದ ಜಾಹೀರಾತು ಪಾಟೆಕ್ ಫಿಲಿಪ್ ಕಂಪೆನಿಯದು. 1996ರಿಂದ ನಡೆದು ಬಂದಿದೆ. ಗಡಿಯಾರಕ್ಕೆ ನೀವು ಒಡೆಯರಲ್ಲ, ಮುಂದಿನ ತಲೆಮಾರಿಗಾಗಿ ಕಾಯುವವರು ಮಾತ್ರ ಎಂಬುದು ಅದರ ತಾತ್ಪರ್ಯ. ಓದಿದರೆ ಧರ್ಮೋಪದೇಶದ ತರಗತಿಯ ಪಾಠದಂತೆಯೇ ಇದೆ! ಸೃಷ್ಟಿಯ ಸಂಪತ್ತಿಗೆ ನಾವು ಮೇಲ್ವಿಚಾರಕರೇ ಹೊರತು ಒಡೆಯರಲ್ಲ ಎಂದು ನಾವೂ ಕಲಿಸುತ್ತೇವೆ. ವ್ಯತ್ಯಾಸವೆಂದರೆ, ಅಲ್ಲಿ ಮುಂದಿನ ತಲೆಮಾರು ಎಂದರೆ ನನ್ನ ಮಗನೊಬ್ಬನೇ. ಧರ್ಮಸಭೆ ಹೇಳುವ ಲೆಕ್ಕದಲ್ಲಿ ನೆರೆಮನೆಯವನ ಮಗನೂ ಸೇರುತ್ತಾನೆ.

‘ಇದು ಖರ್ಚಲ್ಲ, ಹೂಡಿಕೆ’ ಎಂಬ ಸಮಾಧಾನವೂ ಉಂಟು. 2021ರ ಸುಮಾರಿಗೆ ಕೆಲವು ಮಾದರಿಗಳ ಮರುಮಾರಾಟದ ಬೆಲೆ ಗಗನಕ್ಕೇರಿದ್ದು ನಿಜ. 2022ರಲ್ಲಿ ಅದೇ ಬೆಲೆಗಳು ಇಳಿದದ್ದೂ ನಿಜ. ರೋಲೆಕ್ಸ್ ಕಂಪೆನಿಯ ಒಡೆತನ ಅದರ ಸ್ಥಾಪಕ ಹಾನ್ಸ್ ವಿಲ್ಸ್‌ಡಾರ್ಫ್ 1945ರಲ್ಲಿ ಸ್ಥಾಪಿಸಿದ ದತ್ತಿಸಂಸ್ಥೆಯದು, ಆದ್ದರಿಂದ ನಮ್ಮ ಹಣ ದಾನಕ್ಕೇ ಹೋಗುತ್ತದೆ ಎಂದು ವಾದಿಸುವವರೂ ಇದ್ದಾರೆ. ದಾನ ಮಾಡಬೇಕೆಂದಿದ್ದವನಿಗೆ ಜಿನೀವಾದವರೆಗೆ ಹೋಗಿ ಬರುವ ದಾರಿ ಏಕೆ ಬೇಕು?

ಹಾಗಾದರೆ ಮಿತಿ ಎಂಬುದು ವ್ಯರ್ಥವೇ? ಅಲ್ಲ. ಮಿತಿ ಹಾಕಿಕೊಂಡವನು ಹಾಕಿಕೊಳ್ಳದವನಿಗಿಂತ ಎಷ್ಟೋ ಮೇಲು. ಆದರೆ ನನ್ನ ಅಭಿಪ್ರಾಯದಲ್ಲಿ ಎರಡು ಸಂಗತಿಗಳನ್ನು ನೋಡದೆ ಆ ಮಿತಿಯ ಬೆಲೆ ತಿಳಿಯದು.

ಒಂದು, ಮಿತಿಯನ್ನು ಹಾಕುವಾಗ ಮೇಜಿನ ಸುತ್ತ ಯಾರಿದ್ದರು? ಆ ಹಣದ ಮೇಲೆ ಹಕ್ಕಿರುವವರೆಲ್ಲ ಮಾತಾಡಿದ ಮೇಲೆ ಉಳಿದದ್ದು ಐದು ಲಕ್ಷವೇ, ಇಲ್ಲ, ಮೊದಲು ಗಡಿಯಾರಕ್ಕೆ ಐದು ಲಕ್ಷ ತೆಗೆದಿಟ್ಟು ಉಳಿದದ್ದರಲ್ಲಿ ಅವರೆಲ್ಲ ಹೊಂದಿಕೊಳ್ಳಬೇಕೇ? ಹೆಂಡತಿಗೆ ಗೊತ್ತಿದೆಯೇ? ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ, ತಂಗಿಯ ಕಾಲೇಜು ಫೀಸು, ಮನೆಗೆಲಸಕ್ಕೆ ಬರುವ ಅಕ್ಕನ ಸಂಬಳ, ಧರ್ಮಕೇಂದ್ರದ ವಿನ್ಸೆಂಟ್ ದೆ ಪೌಲ್ ಸಭೆಯವರು ನೋಡಿಕೊಳ್ಳುವ ಕುಟುಂಬಗಳು, ಇವರೆಲ್ಲ ಆ ಮೇಜಿನ ಬಳಿ ಇರಬೇಕಾದವರು. ಮನೆಯವರಿಂದ ಬೆಲೆಯನ್ನು ಬಚ್ಚಿಟ್ಟು, ಲಕ್ಷವನ್ನು ಹತ್ತು ಸಾವಿರವೆಂದು ಹೇಳಿ ತಂದ ಗಡಿಯಾರ ಎಷ್ಟೇ ಮಿತಿಯೊಳಗಿದ್ದರೂ ಮಿತಿ ಮೀರಿದ್ದೇ. ಅಡಗಿಸುವ ಚಪಲ ಎಂಥದೆಂಬುದಕ್ಕೆ ಒಂದು ಉದಾಹರಣೆ: ರಷ್ಯದ ಆರ್ಥಡಾಕ್ಸ್ ಪಿತಾಮಹರ ಕೈಯಲ್ಲಿದ್ದ ಬೆಲೆಬಾಳುವ ಗಡಿಯಾರವನ್ನು ಅವರ ಕಚೇರಿಯವರು ಭಾವಚಿತ್ರದಿಂದ ಅಳಿಸಿದ್ದು 2012ರಲ್ಲಿ ಬಯಲಾಯಿತು. ಕೈಯಿಂದ ಅಳಿಸಿದ್ದರು, ನುಣುಪಾದ ಮೇಜಿನ ಮೇಲೆ ಬಿದ್ದ ಪ್ರತಿಬಿಂಬವನ್ನು ಅಳಿಸಲು ಮರೆತಿದ್ದರು. ಕಚೇರಿ ಕ್ಷಮೆ ಕೇಳಿತು. ಇದನ್ನು ಸಹೋದರ ಸಭೆಯನ್ನು ಹಂಗಿಸಲೆಂದು ಹೇಳುತ್ತಿಲ್ಲ. ನಮ್ಮ ನಮ್ಮ ಮನೆಯ ಮೇಜುಗಳೂ ನುಣುಪಾಗಿಯೇ ಇವೆ.

ಎರಡು, ಮಿತಿ ಮುಟ್ಟಿದಾಗ ನಿಲ್ಲಲು ಆಗುತ್ತದೆಯೇ? ಸಂಗ್ರಹ ಎಂಬುದರ ಗುಣವೇ ಮುಂದಿನದನ್ನು ಕೇಳುವುದು. ಸೀಕೋ, ಟಿಸ್ಸೋಗಳ ಯಾಂತ್ರಿಕ ಗಡಿಯಾರಗಳು ಸಾವಿರಗಳ ಲೆಕ್ಕದಲ್ಲಿ ಸಿಗುತ್ತವೆ. ಲಾಂಜೀನ್ ಎಂದರೆ ಲಕ್ಷದ ಮಾತು. ಒಮೇಗಾ ಒಂದೇ ಇಡೀ ಐದು ಲಕ್ಷವನ್ನು ನುಂಗೀತು. ಕೆಳಗಿನದನ್ನು ಕಟ್ಟಿಕೊಂಡವನ ಕಣ್ಣು ಮೇಲಿನದರ ಮೇಲೆ. ನಿಜವಾದ ಗೋಡೆಯೋ, ಹೆಜ್ಜೆ ಹೆಜ್ಜೆಗೆ ಸರಿಸಬಹುದಾದ ಬೇಲಿಯೋ ಎಂಬುದು ಐದನೆಯ ವರ್ಷದಲ್ಲಿ ಗೊತ್ತಾಗುತ್ತದೆ. ಜಗದ್ಗುರು ಫ್ರಾನ್ಸಿಸರು 2025ರಲ್ಲಿ ತೀರಿಕೊಳ್ಳುವವರೆಗೂ ಸಾಮಾನ್ಯ ಪ್ಲಾಸ್ಟಿಕ್ ಗಡಿಯಾರದಲ್ಲೇ ತೃಪ್ತರಾಗಿದ್ದರು. ಎಲ್ಲರೂ ಹಾಗೆಯೇ ಇರಬೇಕೆಂದು ನಾನು ಒತ್ತಾಯಿಸುವುದಿಲ್ಲ. ಚೆನ್ನಾಗಿ ತಯಾರಾದ ಒಂದು ಗಡಿಯಾರವನ್ನು ಕೊಂಡು ಮೂವತ್ತು ವರ್ಷ ಕಟ್ಟಿಕೊಳ್ಳುವವನ ಬಗ್ಗೆ ನನಗೆ ಗೌರವವೇ ಇದೆ. ಔತಣಕ್ಕೊಂದು, ನೀರಿಗಿಳಿಯುವಾಗ ಒಂದು, ದಿನನಿತ್ಯಕ್ಕೊಂದು ಎಂದು ಮೂರಾದರೂ ಸರಿ. ನಾಲ್ಕನೆಯದನ್ನು ಕೊಳ್ಳುವ ಮುಂಚೆ ಇರುವುದರಲ್ಲಿ ಒಂದನ್ನು ತಮ್ಮನಿಗೋ ಭಾವನಿಗೋ ಸಂತೋಷದಿಂದ ಕೊಟ್ಟುಬಿಡಲು ಸಾಧ್ಯವೇ ಎಂದು ಮಾತ್ರ ನೋಡಿಕೊಳ್ಳಲಿ. ಕೊಡಲಾಗದಿದ್ದರೆ, ಗಡಿಯಾರ ಯಾರ ಕೈಯಲ್ಲಿದೆ, ಕೈ ಯಾರದರಲ್ಲಿದೆ ಎಂದು ಯೋಚಿಸಬೇಕಾದ್ದೇ.

ಯುವಕನಿಗೆ ವ್ಯಾವಹಾರಿಕವಾದ ಒಂದೆರಡು ಮಾತು ಬಾಕಿಯಿದೆ. ಯಾಂತ್ರಿಕ ಗಡಿಯಾರವನ್ನು ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಬೆಲೆ ಹೆಚ್ಚಿದಂತೆ ಆ ಖರ್ಚೂ ಹೆಚ್ಚು. ಅದನ್ನು ಐದು ಲಕ್ಷದ ಒಳಗೇ ಸೇರಿಸಲಿ. ಬಡವರ ಪಾಲನ್ನೂ ಮೊದಲೇ, ಮೊತ್ತ ಬರೆದು, ಅದರೊಳಗೇ ಸೇರಿಸಲಿ. ಉಳಿದರೆ ಕೊಡೋಣ ಎಂದರೆ ಉಳಿಯುವುದಿಲ್ಲ.

ಸಂಗ್ರಹ ಪ್ರಾರಂಭಿಸುವುದಕ್ಕೆ ಅಂಗಡಿಗೆ ಹೋಗುವ ಮುನ್ನ ಅವನು ಮನೆಯ ಬೀರು ತೆರೆದು ನೋಡುವುದೂ ಒಳ್ಳೆಯದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಪ್ರಾರಂಭವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ನಿರ್ಧರಿಸಿತಾದರೂ, ‘ಜನತಾ’ದಂಥ ದಿನವೂ ಬೆಳಿಗ್ಗೆ ಕೀ ಕೊಡಬೇಕಾದ ಗಡಿಯಾರಗಳು ಎಷ್ಟೋ ಮನೆಗಳ ಡಬ್ಬಿಗಳಲ್ಲಿ, ಅಜ್ಜನ ಕನ್ನಡಕದ ಜೊತೆಗೆ, ನಿಂತು ಮಲಗಿವೆ. ಮದುವೆಗೋ ನಿವೃತ್ತಿಗೋ ಬಂದ ಉಡುಗೊರೆಗಳವು. ಪೇಟೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ಹಳೆಯ ರಿಪೇರಿಯವರು ಇನ್ನೂ ಕೆಲವರಿದ್ದಾರೆ. ಅಂಥವರೊಬ್ಬರಿಗೆ ಅದನ್ನು ಕೊಟ್ಟು, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಟ್ಟು, ಒಂದು ವರ್ಷ ಅದನ್ನೇ ಕಟ್ಟಿಕೊಂಡು ನೋಡಲಿ. ಎರಡನೆಯ ಗಡಿಯಾರ ಯಾವುದೆಂಬ ಮಾತನ್ನು ಆಮೇಲೆ ಆಡೋಣ.