ಯೋಧನ ಕಡತವೂ ಸಂತತಿಯ ಋಣವೂ

ಹಿರಿಯನೊಬ್ಬನು ಹಿಂದೆ ಯುದ್ಧಕ್ಕೆ ಹೋಗಿದ್ದನೆಂಬ ನೆನಪು ಉಳಿದಿರುವ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಆಸ್ತಿಗಳಿರುತ್ತವೆ: ಪಟ್ಟಿಯ ಬಣ್ಣ ಮಾಸಿದ ಒಂದು ಪದಕ, ಸಮವಸ್ತ್ರ ತೊಟ್ಟ ಒಂದು ಭಾವಚಿತ್ರ, ಹೇಳಿ ಹೇಳಿ ನುಣುಪಾದ ಒಂದು ಕಥೆ. ಪದಕವೂ ಚಿತ್ರವೂ ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ಕಥೆಯು ಮಾತ್ರ ಬಾಯಿಂದ ಬಾಯಿಗೆ ನಡೆದು ಮೂರನೆಯ ತಲೆಮಾರಿಗೆ ಬಂದು ನಿಲ್ಲುತ್ತದೆ. ಆಗ ಓದುಬರಹ ಬಲ್ಲ ಮೊಮ್ಮಗನೋ ಮೊಮ್ಮಗಳೋ, ತಾತನವರು ಯಾವ ಪಡೆಯಲ್ಲಿದ್ದರು, ಎಲ್ಲಿ ಕಾದಿದರು, ಹೇಗೆ ಮಡಿದರು ಎಂದು ಕೇಳುವುದುಂಟು. ಮನೆಯವರಲ್ಲಿ ಉತ್ತರವಿರುವುದಿಲ್ಲ. ಉತ್ತರವಿದ್ದರೆ ಅದು ಸರ್ಕಾರದ ದಫ್ತರಖಾನೆಯಲ್ಲಿ, ಕಟ್ಟಿಟ್ಟ ಒಂದು ಕಡತದಲ್ಲಿ ಇರಬೇಕು. ಆ ಕಡತವನ್ನು ಹೇಗೆ ಹುಡುಕಬೇಕೆಂಬುದು ಕೌಶಲದ ಪ್ರಶ್ನೆ. ಹುಡುಕುವುದು ಯುಕ್ತವೇ, ದೊರೆತುದನ್ನು ಏನು ಮಾಡಬೇಕು ಎಂಬುದು ಧರ್ಮದ ಪ್ರಶ್ನೆ. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಎರಡನೆಯದು.

ಮೊದಲು ಪೂರ್ವಪಕ್ಷವನ್ನು ಕೇಳಬೇಕು. ಅದು ಲಘುವಾದುದಲ್ಲ. ಸೈನಿಕನ ಕಡತವೆಂಬುದು ಬಿರುದಾವಳಿಯಲ್ಲ. ಭರ್ತಿಯಾದ ದಿನ ಅವನ ಎತ್ತರವೆಷ್ಟು, ಎದೆಯ ಸುತ್ತಳತೆಯೆಷ್ಟು, ಮೈಮೇಲೆ ಎಲ್ಲೆಲ್ಲಿ ಮಚ್ಚೆಗಳಿದ್ದುವು, ಹಿಂದಿನ ಕಸುಬೇನು, ಹತ್ತಿರದ ಬಂಧು ಯಾರು ಎಂಬುದರಿಂದ ಅದು ಮೊದಲಾಗುತ್ತದೆ. ಮುಂದೆ ಯಾವ ರೋಗಕ್ಕೆ ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ಮಲಗಿದ್ದನು, ಯಾವ ತಪ್ಪಿಗೆ ಎಷ್ಟು ದಿನದ ಸಂಬಳ ಕಳೆದುಕೊಂಡನು ಎಂಬುದೂ ಅದರಲ್ಲಿರುತ್ತದೆ. ಇದನ್ನು ಬರೆದವರು ಮೇಲಧಿಕಾರಿಗಳು. ಬರೆದುದು ಸೈನ್ಯದ ಅನುಕೂಲಕ್ಕಾಗಿ. ಸತ್ತವನು ತಾನಾಗಿ ಮಕ್ಕಳಿಗೆ ಹೇಳದೆ ಮುಚ್ಚಿಟ್ಟುದನ್ನು ಅವನು ಮಾತನಾಡಲಾರದ ಕಾಲದಲ್ಲಿ ಬಿಚ್ಚಿ ನೋಡುವುದು ಸೌಜನ್ಯವೇ? ಮನೆಯವರು ಪ್ರೀತಿಯಿಂದ ಕಾಪಾಡಿಕೊಂಡು ಬಂದ ಮೂರ್ತಿಯನ್ನು ಒಡೆದು, ಅದರ ಬದಲು ಕಾಗದದ ಚೂರುಗಳನ್ನು ತಂದಿಡುವುದರಿಂದ ಯಾರಿಗೇನು ಲಾಭ? ಆದುದರಿಂದ ಗತಿಸಿದವರನ್ನು ಗತಿಸಿದವರಾಗಿಯೇ ಬಿಡುವುದು ಲೇಸು. ಇದು ಪೂರ್ವಪಕ್ಷದ ವಾದ.

ಈ ವಾದವನ್ನು ತೂಗಿ ನೋಡುವುದಕ್ಕೆ ಇಂಗ್ಲೆಂಡಿನ ಒಂದು ಕುಟುಂಬದ ಚರಿತ್ರೆಯು ಸಹಾಯಕವಾಗುತ್ತದೆ. ಹ್ಯಾರಿ ಫಾರ್ ಎಂಬವನು ವೆಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಸಾಮಾನ್ಯ ಸಿಪಾಯಿ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿದ್ದವನು. ೧೯೧೫ರಲ್ಲಿ, ಎಡೆಬಿಡದ ಗುಂಡುಗಳ ಸ್ಫೋಟದಿಂದ ಮನಸ್ಸೂ ನರಗಳೂ ಕದಡಿ, ಷೆಲ್ ಷಾಕ್ ಎಂದು ವೈದ್ಯರು ಕರೆದ ವ್ಯಾಧಿಗೆ ತುತ್ತಾಗಿ, ಅವನು ಐದು ತಿಂಗಳ ಕಾಲ ಆಸ್ಪತ್ರೆಯಲ್ಲಿದ್ದನು. ಗುಣವಾಯಿತೆಂದು ಮತ್ತೆ ರಣರಂಗಕ್ಕೆ ಕಳುಹಿಸಿದರು. ೧೯೧೬ರ ಸೆಪ್ಟೆಂಬರಿನಲ್ಲಿ, ಸೋಮ್ ನದಿಯ ಯುದ್ಧ ನಡೆಯುತ್ತಿದ್ದಾಗ, ಮುಂಚೂಣಿಗೆ ಹೋಗಲು ತನ್ನಿಂದಾಗದೆಂದು ಅವನು ಹೇಳಿದನು. ಕೋರ್ಟ್‌ಮಾರ್ಷಲ್ ಎಂಬ ಸೈನಿಕ ನ್ಯಾಯಸಭೆಯು ಅವನ ಮೇಲೆ ಹೇಡಿತನದ ಅಪರಾಧವನ್ನು ಹೊರಿಸಿತು. ಅವನ ಪರವಾಗಿ ವಾದಿಸಲು ಯಾರೂ ಇರಲಿಲ್ಲ. ತನ್ನ ಮಾತನ್ನು ತಾನೇ ಆಡಿಕೊಂಡನು. ಅಕ್ಟೋಬರ್ ೧೮ರ ಬೆಳಗ್ಗೆ ಅವನ ಕಡೆಯ ಸೈನಿಕರೇ ಅವನನ್ನು ಗುಂಡಿಟ್ಟು ಕೊಂದರು. ಆಗ ಅವನ ವಯಸ್ಸು ಇಪ್ಪತ್ತೈದು.

ಊರಿನಲ್ಲಿದ್ದ ಅವನ ಹೆಂಡತಿಗೆ ಪಿಂಚಣಿ ನಿಂತಿತು. ಕೈಯಲ್ಲಿ ಮೂರು ವರ್ಷದ ಹೆಣ್ಣುಮಗು. ಇತರ ವಿಧವೆಯರಿಗೆ ದುಃಖವನ್ನು ಹೇಳಿಕೊಳ್ಳುವ ಅವಕಾಶವಾದರೂ ಇದ್ದಿತು. ಈಕೆಗೆ ಅದೂ ಇಲ್ಲ. ನಾಚಿಕೆಯಿಂದ ಬಾಯಿ ಕಟ್ಟಿ, ತಂದೆಯು ಹೇಗೆ ಸತ್ತನೆಂಬುದನ್ನು ಮಗಳಿಗೂ ದಶಕಗಳ ಕಾಲ ಹೇಳದೆ ಕಳೆದಳು. ಆ ನ್ಯಾಯಸಭೆಗಳ ಕಡತಗಳನ್ನು ಸರ್ಕಾರವು ಎಪ್ಪತ್ತೈದು ವರ್ಷಗಳವರೆಗೆ ಯಾರಿಗೂ ತೋರಿಸದೆ ಇಟ್ಟಿದ್ದಿತು. ಆ ಅವಧಿಯು ಕಳೆದು, ೧೯೯೦ರ ದಶಕದ ಆದಿಯಲ್ಲಿ ಕಾಗದಗಳು ಹೊರಬಂದಾಗ, ಕುಟುಂಬದವರು ಅವನ್ನು ಓದಿದರು. ಅಲ್ಲಿ ಶಿಕ್ಷೆಯ ಆಜ್ಞೆಯಿದ್ದಿತು. ಅವನು ಹಲವು ಸಲ ಚಿಕಿತ್ಸೆಗೆ ಹೋಗಿದ್ದ ರೋಗಿಯೆಂಬ ಸಾಕ್ಷ್ಯವೂ ಅದೇ ಕಡತದಲ್ಲಿ ಇದ್ದಿತು. ಮಗಳೂ ಮೊಮ್ಮಗಳೂ ವರ್ಷಗಟ್ಟಲೆ ಸರ್ಕಾರದ ಬಾಗಿಲನ್ನು ತಟ್ಟಿದರು. ಕೊನೆಗೆ ೨೦೦೬ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಶಾಸನವೊಂದನ್ನು ಮಾಡಿ, ಅಂತಹ ಅಪರಾಧಗಳಿಗಾಗಿ ಆ ಯುದ್ಧದಲ್ಲಿ ಗುಂಡಿಗೆ ಗುರಿಯಾದ ೩೦೬ ಮಂದಿಗೆ ಕ್ಷಮಾದಾನವನ್ನು ಕೊಟ್ಟಿತು. ಮಗಳು ಅದನ್ನು ಕಾಣಲು ಬದುಕಿದ್ದಳು. ಹೆಂಡತಿಯು ತೊಂಬತ್ತೊಂಬತ್ತು ವರ್ಷ ಬಾಳಿಯೂ ಅದನ್ನು ಕಾಣಲಿಲ್ಲ.

ಈ ಚರಿತ್ರೆಯಿಂದ ಮೊದಲು ತಿಳಿಯುವ ಅಂಶವಿದು: ಮೌನವನ್ನೇ ಶಾಂತಿಯೆಂದು ಭಾವಿಸುವುದು ಭ್ರಾಂತಿ. ಆ ಮನೆಯಲ್ಲಿ ಕಡತವನ್ನು ತೆರೆಯುವುದಕ್ಕೆ ಮುಂಚೆ ಶಾಂತಿಯೇನೂ ಇರಲಿಲ್ಲ. ಒಬ್ಬ ಹೆಂಗಸು ಹೊರಲಾರದ ಹೊರೆಯನ್ನು ಒಬ್ಬಳೇ ಹೊತ್ತಿದ್ದಳು, ಅಷ್ಟೆ. ಮಹಾಭಾರತದ ಸ್ತ್ರೀಪರ್ವದಲ್ಲಿ ಇದೇ ಸಂಗತಿಯನ್ನು ವ್ಯಾಸರು ಗಂಗೆಯ ತೀರದಲ್ಲಿ ನಿಲ್ಲಿಸಿದ್ದಾರೆ. ಯುದ್ಧವು ಮುಗಿದು, ಮಡಿದವರಿಗೆಲ್ಲ ಜಲದಾನವಾಗುತ್ತಿರುವಾಗ, ಕರ್ಣನಿಗೂ ನೀರು ಬಿಡಿರಿ, ಅವನು ನಿಮ್ಮ ಹಿರಿಯಣ್ಣನು ಎಂದು ಕುಂತಿಯು ಮಕ್ಕಳಿಗೆ ಹೇಳುತ್ತಾಳೆ. ಮನೆತನದ ಮರ್ಯಾದೆಗಾಗಿ ಮುಚ್ಚಿಟ್ಟ ಮಾತು ಅದು. ಧರ್ಮಜನು ಗೆದ್ದ ರಾಜ್ಯದ ಸುಖವನ್ನೇ ಮರೆಯುವಷ್ಟು ದುಃಖಪಟ್ಟನು; ಮುಚ್ಚಿಟ್ಟುದಕ್ಕಾಗಿ ತಾಯಿಯನ್ನೇ ನಿಂದಿಸಿದನು. ಆದರೆ ತಿಳಿದ ಮೇಲೆ ಮಾಡಬೇಕಾದುದನ್ನು ಬಿಡಲಿಲ್ಲ. ಅಣ್ಣನಿಗೆ ನೀರನ್ನು ಬಿಟ್ಟನು. ತಿಳಿಯದಿದ್ದರೆ ದುಃಖವೇನೋ ತಪ್ಪುತ್ತಿತ್ತು. ಕರ್ಣನ ಪಾಲಿನ ನೀರೂ ತಪ್ಪುತ್ತಿತ್ತು.

ಹಾಗಾದರೆ ಕಡತವು ಹೇಳಿದುದೆಲ್ಲ ಸತ್ಯವೆಂದು ಒಪ್ಪಬೇಕೆ? ಇದು ಪ್ರಮಾಣದ ಪ್ರಶ್ನೆ. ಆಪ್ತನ ಮಾತು ಪ್ರಮಾಣವೆಂದು ತಾರ್ಕಿಕರು ಹೇಳುತ್ತಾರೆ. ಇದ್ದುದನ್ನು ಇದ್ದಂತೆ ಹೇಳುವವನು ಆಪ್ತನು. ದಫ್ತರದ ಗುಮಾಸ್ತನು ದಿನಾಂಕದ ವಿಷಯದಲ್ಲಿ ಆಪ್ತನಾಗಿರಬಹುದು. ಹೇಡಿ, ದ್ರೋಹಿ, ಅವಿಧೇಯ ಎಂಬ ಪದಗಳ ವಿಷಯದಲ್ಲಿ ಅವನು ಆಳುವವರ ಬಾಯಿ ಮಾತ್ರ. ಇದಕ್ಕೆ ದೂರದ ನಿದರ್ಶನವು ಬೇಕಾಗಿಲ್ಲ. ೧೯೪೨ನೆಯ ಇಸವಿ ಫೆಬ್ರವರಿ ೧೫ರಂದು ಸಿಂಗಾಪುರವು ಜಪಾನೀಯರ ವಶವಾದಾಗ ನಲವತ್ತು ಸಾವಿರದಷ್ಟು ಭಾರತೀಯ ಸೈನಿಕರು ಸೆರೆಯಾದರು. ಮೈಸೂರು ಸಂಸ್ಥಾನದ ಪದಾತಿಯ ಒಂದು ದಳವೂ ಅಲ್ಲಿದ್ದಿತು. ಸೆರೆಯಾದವರಲ್ಲಿ ಹಲವರು ಆಜಾದ್ ಹಿಂದ್ ಸೇನೆಯನ್ನು ಸೇರಿದರು. ಹಲವರು ತಾವು ಮಾಡಿದ್ದ ಪ್ರಮಾಣಕ್ಕೆ ಕಟ್ಟುಬಿದ್ದು ಸೇರದೆ ನಿಂತರು. ಹೀಗೆ ನಿಂತವರಲ್ಲಿ ನ್ಯೂ ಗಿನಿಯಂತಹ ದೂರದ ದ್ವೀಪಗಳಿಗೆ ಸಾಗಿಸಲ್ಪಟ್ಟು ಕೂಲಿಗಳಂತೆ ದುಡಿದು ಸತ್ತವರು ಅನೇಕರು. ಮೊದಲನೆಯವರನ್ನು ಆಗಿನ ಸರ್ಕಾರವು ದ್ರೋಹಿಗಳೆಂದು ಬರೆದುಕೊಂಡಿತು. ೧೯೪೫ರ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಅವರ ನಾಯಕರ ವಿಚಾರಣೆಯು ಪ್ರಾರಂಭವಾದಾಗ, ಜನರು ಅವರನ್ನೇ ದೇಶಭಕ್ತರೆಂದು ಕೊಂಡಾಡಿದರು. ಕೊಂಡಾಡುವವರ ಗದ್ದಲದಲ್ಲಿ ಎರಡನೆಯವರ ಮಾತನ್ನು ಕೇಳುವವರೇ ಇಲ್ಲವಾಯಿತು. ಕಡತದ ಪದವು ಆಳ್ವಿಕೆಯೊಡನೆ ಬದಲಾಯಿತು. ಮನುಷ್ಯರ ಹಸಿವು, ಭಯ, ನಿಷ್ಠೆಗಳು ಬದಲಾಗಲಿಲ್ಲ. ಆದುದರಿಂದ ಹುಡುಕುವವನು ಕಡತದಲ್ಲಿನ ಘಟನೆಯನ್ನು ತೆಗೆದುಕೊಳ್ಳಬೇಕು. ಅದರ ವಿಶೇಷಣವನ್ನು ಪರೀಕ್ಷಿಸಬೇಕು.

ಇನ್ನೊಂದು ಸಂದರ್ಭವುಂಟು: ಹುಡುಕಿದರೂ ಏನೂ ದೊರೆಯದಿರುವುದು. ದಫ್ತರದಲ್ಲಿ ಹೆಸರಿಲ್ಲ, ಆದುದರಿಂದ ಮನೆಯ ಕಥೆಯೇ ಸುಳ್ಳು ಎಂದು ಅವಸರದವರು ತೀರ್ಮಾನಿಸುತ್ತಾರೆ. ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವ ಮೀಮಾಂಸಕರು ಅದಕ್ಕೊಂದು ಕಟ್ಟನ್ನು ಹಾಕಿದ್ದಾರೆ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ದೀಪವಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ದಫ್ತರಗಳಲ್ಲಿ ಅಂತಹ ಕತ್ತಲೆ ಬಹಳ. ೧೯೪೦ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬುಗಳ ಬೆಂಕಿಯಲ್ಲಿ, ಮೊದಲನೆಯ ಯುದ್ಧದ ಬ್ರಿಟಿಷ್ ಸಿಪಾಯಿಗಳ ಸೇವಾದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಶವಾದುವು. ಉಳಿದವು ಅಂಚು ಸುಟ್ಟು, ನೀರು ಕುಡಿದು ಉಳಿದುವು. ೧೯೭೩ರ ಜುಲೈ ೧೨ರಂದು ಅಮೆರಿಕದ ಸೇಂಟ್ ಲೂಯಿ ನಗರದ ದಫ್ತರಖಾನೆಗೆ ಬೆಂಕಿ ಬಿದ್ದು ೧೬೦ರಿಂದ ೧೮೦ ಲಕ್ಷ ಕಡತಗಳು ಬೂದಿಯಾದುವು. ಅವುಗಳಿಗೆ ಎರಡನೆಯ ಪ್ರತಿಯಿರಲಿಲ್ಲ. ಆ ಬೂದಿಯಲ್ಲಿ ತಂದೆಯ ಹೆಸರು ಕಾಣದ ಮಗನು, ತಂದೆಯು ಯುದ್ಧಕ್ಕೆ ಹೋಗಲಿಲ್ಲವೆಂದು ಹೇಳಬಹುದೆ?

ಭಾರತೀಯರ ವಿಷಯದಲ್ಲಿ ಕತ್ತಲೆಯು ಬೆಂಕಿಯಿಂದ ಮಾತ್ರ ಬಂದುದಲ್ಲ. ಮೊದಲನೆಯ ಯುದ್ಧದಲ್ಲಿ ಹದಿಮೂರು ಲಕ್ಷದಷ್ಟು ಭಾರತೀಯರು ಸೇವೆ ಮಾಡಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಫ್ರಾನ್ಸಿನ ನವ್ ಷಾಪೆಲ್ ಸ್ಮಾರಕದಲ್ಲಿ ಸಮಾಧಿಯಿಲ್ಲದ ೪,೭೦೦ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರುಗಳನ್ನು ಕೆತ್ತಿದ್ದಾರೆ. ಇರಾಕಿನ ಬಸ್ರಾದ ಸ್ಮಾರಕದಲ್ಲಿ ಹಾಗಲ್ಲ: ಅಧಿಕಾರಿಗಳಿಗೆ ಹೆಸರು, ಭಾರತೀಯ ಸಾಮಾನ್ಯ ಸಿಪಾಯಿಗಳಿಗೆ ಸಂಖ್ಯೆ. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವು ೨೦೨೧ರಲ್ಲಿ ವರದಿಯೊಂದನ್ನು ಪ್ರಕಟಿಸಿ ತಪ್ಪನ್ನು ಒಪ್ಪಿಕೊಂಡಿತು. ಭಾರತೀಯರನ್ನೂ ಆಫ್ರಿಕದವರನ್ನೂ ಮುಖ್ಯವಾಗಿ ಒಳಗೊಂಡ ೪೫,೦೦೦ದಿಂದ ೫೪,೦೦೦ ಮಂದಿಗೆ ಸಮಾನವಾದ ಸ್ಮರಣೆ ಸಲ್ಲಲಿಲ್ಲವೆಂದೂ, ಇವರಲ್ಲದೆ ಕಡಿಮೆಯೆಂದರೆ ೧,೧೬,೦೦೦ ಮಂದಿಗೆ ಹೆಸರಿನ ಸ್ಮರಣೆಯೇ ಇಲ್ಲವೆಂದೂ ಅದು ಅಂದಾಜು ಮಾಡಿದೆ. ಅದೇ ವರ್ಷ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಬಹುಕಾಲ ಬಿದ್ದಿದ್ದ, ಪಂಜಾಬಿನ ೩,೨೦,೦೦೦ದಷ್ಟು ಸೈನಿಕರ ವಿವರಗಳುಳ್ಳ ಹಳ್ಳಿವಾರು ದಾಖಲೆ ಪುಸ್ತಕಗಳು ಹುಡುಕುವವರಿಗೆ ದೊರೆಯುವಂತಾದುವು. ನೂರು ವರ್ಷ ಇಲ್ಲವೆಂದಿದ್ದುದು ಇದ್ದಿತೆಂದಾಯಿತು.

ಕನ್ನಡನಾಡಿನ ಮನೆಗಳಿಗೂ ಇದು ಹೊರಗಿನ ಮಾತಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಹಿಡಿದ ರಾವುತರಲ್ಲಿ ಜೋಧಪುರದವರೊಡನೆ ಮೈಸೂರಿನವರೂ ಇದ್ದರು. ದೆಹಲಿಯ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನಲ್ಲಿಯೂ ಅವರ ಸ್ಮಾರಕಸ್ತಂಭವಿದೆ. ಕಲ್ಲಿಗೆ ಮರ್ಯಾದೆಯು ಸಲ್ಲುತ್ತಿದೆ. ಆದರೆ ಕುದುರೆಗೆ ಹುಲ್ಲು ಹಾಕಿದವನು, ಅಡಿಗೆ ಮಾಡಿದವನು, ಊರಿಗೆ ಮರಳಿ ಬಂದು ಹೊಲವನ್ನು ಉತ್ತು ಮುದುಕನಾಗಿ ಸತ್ತವನು, ಇವರ ವಂಶಸ್ಥರು ತಮ್ಮ ಹಿರಿಯನ ಹೆಸರನ್ನು ಆ ಕಲ್ಲಿನಲ್ಲಿ ಕಾಣದೆ ಹಿಂದಿರುಗಬಹುದು. ಹಾಗೆಂದು ಅವರು ಹುಡುಕಿದುದು ವ್ಯರ್ಥವಲ್ಲ. ಪಡೆಯ ದಿನಚರಿ, ಪಿಂಚಣಿಯ ಪುಸ್ತಕ, ನೆರೆಮನೆಯ ಮುದುಕರ ಮಾತು ಇವುಗಳನ್ನು ಕೂಡಿಸಿ ನೋಡಿದರೆ, ಕಡತವಿಲ್ಲದ ಮನುಷ್ಯನ ನಡೆಯು ಒಂದಷ್ಟು ದೂರವಾದರೂ ಕಾಣಬಹುದು.

ಇನ್ನು ಸಿದ್ಧಾಂತ. ಪೂರ್ವಪಕ್ಷವು ಹೇಳಿದ ಸೌಜನ್ಯದ ಮಾತನ್ನು ತಳ್ಳಿಬಿಡಲಾಗದು. ಅದು ಹುಡುಕುವಿಕೆಯನ್ನು ನಿಲ್ಲಿಸುವುದಿಲ್ಲ, ಅದಕ್ಕೊಂದು ಮೇರೆಯನ್ನು ಹಾಕುತ್ತದೆ. ಹುಡುಕುವವನು ಮೊದಲು ತನ್ನ ಪ್ರಯೋಜನವನ್ನು ಕೇಳಿಕೊಳ್ಳಬೇಕು. ಸಭೆಯಲ್ಲಿ ಹೇಳಿಕೊಳ್ಳಲು ಒಬ್ಬ ವೀರನು ಬೇಕೆಂದು ಹುಡುಕುವವನು ತನ್ನನ್ನೇ ಹುಡುಕುತ್ತಾನೆ. ಕಡತದಲ್ಲಿ ಕಳಂಕವು ಕಂಡೊಡನೆ ಅದನ್ನು ಮಡಿಸಿಡುತ್ತಾನೆ. ಋಣವೆಂದು ಹುಡುಕುವವನು ದೊರೆತುದನ್ನು ಪೂರ್ತಿಯಾಗಿ ಓದುತ್ತಾನೆ. ಎರಡನೆಯದಾಗಿ, ತಿಳಿದುದನ್ನೆಲ್ಲ ಸಾರಬೇಕೆಂಬ ವಿಧಿಯಿಲ್ಲ. ಸತ್ತವನ ಮೈಯ ರೋಗಗಳು, ತಾರುಣ್ಯದ ಸಣ್ಣ ತಪ್ಪುಗಳು ಓದಿದವನ ಮನಸ್ಸಿನಲ್ಲಿಯೇ ಉಳಿಯಬಹುದು. ಆದರೆ ಅವನಿಗೆ ಅನ್ಯಾಯವಾಗಿದ್ದರೆ, ಅಥವಾ ಅವನಿಂದ ಇನ್ನೊಬ್ಬರಿಗೆ ಅನ್ಯಾಯವಾಗಿದ್ದರೆ, ಅದನ್ನು ಮುಚ್ಚುವ ಹಕ್ಕು ಸಂತತಿಗೆ ಇಲ್ಲ. ಮೂರನೆಯದಾಗಿ, ಚಾವಡಿಯಲ್ಲಿ ಕುಳಿತು ಓದುವವನು ಕಂದಕದಲ್ಲಿ ನಿಂತವನಿಗೆ ನ್ಯಾಯಾಧೀಶನಾಗಬಾರದು. ೨೦೦೬ರ ಆ ಶಾಸನವೂ ಹಳೆಯ ತೀರ್ಪುಗಳನ್ನು ರದ್ದುಮಾಡಲಿಲ್ಲ. ಆ ಮರಣವು ಅವರಿಗೆ ತಕ್ಕುದಾಗಿರಲಿಲ್ಲವೆಂದು ಮಾತ್ರ ಒಪ್ಪಿಕೊಂಡಿತು. ಕಾಗದದ ಮೇಲೆ ಫಾರ್ ಇಂದಿಗೂ ಅಪರಾಧಿಯೇ. ಆದರೂ ಅವನ ಮಗಳು ತಂದೆಯ ಹೆಸರನ್ನು ನಾಲ್ಕು ಜನರ ಮುಂದೆ ತಲೆಯೆತ್ತಿ ಹೇಳುವಂತಾಯಿತು. ಸಂತತಿಯಿಂದ ಆಗಬಹುದಾದುದು ಅಷ್ಟು, ಅದು ಅಲ್ಪವಲ್ಲ.

ತರ್ಪಣದಲ್ಲಿ ಹೆಸರೂ ಗೋತ್ರವೂ ತಿಳಿದವರಿಗೆ ಹೆಸರು ಹಿಡಿದು ನೀರು ಬಿಡುತ್ತಾರೆ. ಕೊನೆಯಲ್ಲಿ, ನೀರು ಬಿಡುವವರು ಯಾರೂ ಉಳಿಯದವರಿಗಾಗಿ ಒಂದು ಅಂಜಲಿಯುಂಟು. ಈ ಎರಡನೆಯದಿದೆಯೆಂದು ಮೊದಲನೆಯದನ್ನು ಯಾರೂ ಬಿಡುವುದಿಲ್ಲ. ಹೆಸರು ತಿಳಿಯಬಹುದಾಗಿದ್ದೂ ತಿಳಿಯುವ ಶ್ರಮವನ್ನು ಪಡದೆ, ತನ್ನ ಮನೆಯ ಯೋಧನನ್ನು ಹೆಸರಿಲ್ಲದವರ ಅಂಜಲಿಗೆ ಸೇರಿಸಿಬಿಡುವವನು ಆ ಮನೆಯ ಋಣವನ್ನು ತೀರಿಸಿದಂತಾಗುವುದಿಲ್ಲ.