ಮುಳುಗಿದ ಸೂರ್ಯನಿಗೆ ಅರ್ಘ್ಯ

ಮಲ್ಪೆಯ ಕಡಲತೀರದಲ್ಲಿ ಒಂದು ಸಂಜೆ, ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಮೊಣಕಾಲುದ್ದದ ನೀರಿನಲ್ಲಿ ಪಶ್ಚಿಮಾಭಿಮುಖರಾಗಿ ನಿಂತು ಸಾಯಂಸಂಧ್ಯೆಯ ಅರ್ಘ್ಯವನ್ನು ಕೊಡುತ್ತಿದ್ದರು. ಸೂರ್ಯನಿನ್ನೂ ಕಾಣುತ್ತಿರುವಾಗ ಕೊಟ್ಟದ್ದೇ ಉತ್ತಮವೆಂಬುದು ಶಾಸ್ತ್ರವಾದುದರಿಂದ ಅವರಿಗೆ ತುಸು ಅವಸರವೂ ಇತ್ತು. ಬಿಂಬದ ಕೆಳ ಅಂಚು ಆಗತಾನೆ ನೀರನ್ನು ಮುಟ್ಟಿತ್ತು. ಅಂಗೈಯಲ್ಲಿಟ್ಟು ಮೆಲ್ಲನೆ ಒತ್ತಿದ ಹಿಟ್ಟಿನ ಉಂಡೆಯಂತೆ ಅದು ಚಪ್ಪಟೆಯಾಗಿ, ಅಡಿಯಲ್ಲಿ ಇನ್ನಷ್ಟು ಕುಗ್ಗಿ, ತನ್ನ ದುಂಡನ್ನು ಕಳೆದುಕೊಂಡಿತ್ತು. ಬೊಗಸೆಯ ನೀರು ಅಲೆಯ ಮೇಲೆ ಬಿದ್ದು ಅಲೆಯಲ್ಲಿ ಸೇರಿಹೋಯಿತು.

ಅವರು ದಡಕ್ಕೆ ಬಂದ ಮೇಲೆ, ನಾಲ್ಕಕ್ಷರ ಓದಿದವನ ಅಹಂಕಾರದಿಂದ ನಾನೆಂದೆ: “ಅಜ್ಜಯ್ಯ, ತಾವು ನೀರು ಬಿಡುವಾಗ ಸೂರ್ಯ ಅಲ್ಲಿರಲಿಲ್ಲ. ಆಗಲೇ ಮುಳುಗಿಯಾಗಿತ್ತು.”

ಅವರು ಪಂಚೆಯ ಅಂಚನ್ನು ಹಿಂಡುತ್ತ, “ಹಾಗಾದ್ರೆ ನಾನು ನೋಡಿದ್ದು ಯಾರನ್ನು ಮಾರಾಯ?” ಎಂದರು.

ನನ್ನ ಮಾತು ಹುರುಳಿಲ್ಲದ್ದೇನೂ ಅಲ್ಲ. ಅಂತರಿಕ್ಷದಿಂದ ವಾಯುಮಂಡಲವನ್ನು ಹೊಗುವ ಕಿರಣವು ವಿರಳವಾದ ಗಾಳಿಯಿಂದ ಸಾಂದ್ರವಾದ ಗಾಳಿಗೆ ಇಳಿಯುತ್ತ ಇಳಿಯುತ್ತ ನೆಲದ ಕಡೆಗೆ ಬಾಗುವುದು. ಒಂದು ಅಂಶದ ಅರುವತ್ತನೆಯ ಪಾಲನ್ನು ನಮ್ಮ ಜ್ಯೋತಿಷಿಗಳು ಕಲೆಯೆನ್ನುವರಷ್ಟೆ, ದಿಗಂತದಲ್ಲಿ ಈ ಬಾಗು ಸುಮಾರು 34 ಕಲೆ, ಸೂರ್ಯಬಿಂಬದ ವ್ಯಾಸವೋ ಸುಮಾರು 32 ಕಲೆ. ಎಂದಮೇಲೆ, ಬಿಂಬವು ನೀರನ್ನು ಮುಟ್ಟಿದಂತೆ ಕಾಣುವ ಗಳಿಗೆಯಲ್ಲಿ ಸೂರ್ಯನು ಪೂರ್ತಿಯಾಗಿ ದಿಗಂತದ ಕೆಳಗಿದ್ದಾನೆ. ನಾವು ಕಾಣುವುದು ಗಾಳಿಯು ಎತ್ತಿ ಹಿಡಿದ ಅವನ ರೂಪವನ್ನು.

ಇದು ಭ್ರಮೆಯೆ? ಹಗ್ಗದಲ್ಲಿ ಹಾವನ್ನು ಕಂಡವನು ದೀಪ ತಂದರೆ ಹಾವು ಉಳಿಯದು. ಇಲ್ಲಿಯಾದರೋ ಗಣಿತವೆಲ್ಲ ತಿಳಿದ ನನ್ನ ಕಣ್ಣಿಗೂ ಸೂರ್ಯನು ಅಲ್ಲಿಯೇ ಇದ್ದನು. ಇಂಥದಕ್ಕೆ ಅದ್ವೈತಿಗಳು ಸೋಪಾಧಿಕಭ್ರಮವೆಂದು ಬೇರೆಯೇ ಹೆಸರಿಟ್ಟಿರುವರು: ಸ್ಫಟಿಕದ ಪಕ್ಕದಲ್ಲಿ ದಾಸವಾಳವನ್ನಿಟ್ಟರೆ ಸ್ಫಟಿಕ ಕೆಂಪಾಗಿ ತೋರುವುದು; ಅದಕ್ಕೆ ಬಣ್ಣವಿಲ್ಲವೆಂದು ಬಲ್ಲವನಿಗೂ, ಹೂವನ್ನು ಎತ್ತಿಡುವ ತನಕ, ಕೆಂಪಾಗಿಯೇ ತೋರುವುದು. ಅವರ ಲಕ್ಷ್ಯವೆಲ್ಲ ಸ್ಫಟಿಕದ ನೈರ್ಮಲ್ಯದ ಮೇಲೆ ಇದ್ದುದರಿಂದ ಹೂವಿನ ಕಡೆಗೆ ಯಾರೂ ಹೆಚ್ಚಾಗಿ ತಿರುಗಲಿಲ್ಲ. ಆದರೆ ಸ್ಫಟಿಕದ ಸ್ವರೂಪವನ್ನು ಚೆನ್ನಾಗಿ ಬಲ್ಲವನು, ಅದರ ಕೆಂಪನ್ನೇ ನೋಡಿ, ಮರೆಯಲ್ಲಿರುವ ಹೂವು ಎಂಥದು, ಎಷ್ಟು ದೂರದಲ್ಲಿದೆ ಎಂದು ಹೇಳಬಾರದೇಕೆ?

ಉಪಗ್ರಹಗಳಿಂದ ಮೇಲ್ಗಾಳಿಯನ್ನು ಅಳೆಯುವವರು ಮಾಡುತ್ತಿರುವುದು ಇದನ್ನೇ. 1984ರಿಂದ 2005ರವರೆಗೆ ಭೂಮಿಯನ್ನು ಸುತ್ತಿದ ಸೇಜ್ 2 ಎಂಬ ಉಪಕರಣಕ್ಕೆ ಸಂಧ್ಯಾಕಾಲವೇ ಕರ್ಮಕಾಲ. ದಿನಕ್ಕೆ ಸುಮಾರು ಹದಿನೈದು ಉದಯಗಳನ್ನೂ ಅಷ್ಟೇ ಅಸ್ತಗಳನ್ನೂ ಕಂಡು, ಗಾಳಿಯ ಆವರಣವಿಲ್ಲದ ಸೂರ್ಯನನ್ನೂ ಗಾಳಿಯ ಅಂಚಿನ ಮೂಲಕ ತೋರುವ ಅದೇ ಸೂರ್ಯನನ್ನೂ ಹೋಲಿಸಿ, ನಡುವೆ ಎಷ್ಟು ಬೆಳಕು ಕಳೆಯಿತೆಂಬುದರಿಂದ ಓಜೋನನ್ನು ಅದು ಲೆಕ್ಕಹಾಕುತ್ತಿತ್ತು. 2006ರಲ್ಲಿ ತೈವಾನ್ ಮತ್ತು ಅಮೆರಿಕಗಳು ಕೂಡಿ ಹಾರಿಸಿದ ಆರು ಸಣ್ಣ ಉಪಗ್ರಹಗಳಿಗೆ ಸೂರ್ಯನೂ ಬೇಕಿರಲಿಲ್ಲ. ದಾರಿ ತೋರುವ ಜಿಪಿಎಸ್ ಉಪಗ್ರಹವೊಂದು ಭೂಮಿಯ ಅಂಚಿನಲ್ಲಿ ಅಸ್ತವಾಗುತ್ತಿರುವಾಗ ಅದರ ರೇಡಿಯೋ ಅಲೆ ಎಷ್ಟು ಬಾಗಿತು, ಎಷ್ಟು ತಡವಾಯಿತು ಎಂದು ಅಳೆದರೆ ಗಾಳಿಯ ಸಾಂದ್ರತೆಯೂ, ಸಾಂದ್ರತೆಯಿಂದ ಒತ್ತಡವೂ, ಅವೆರಡರಿಂದ ಉಷ್ಣತೆಯೂ ದೊರೆಯುವುವು. ಅಜ್ಜಯ್ಯನವರ ಸೂರ್ಯನನ್ನು ಎತ್ತಿ ಹಿಡಿದ ಬಾಗೇ ಇಲ್ಲಿ ಪ್ರಮಾಣ.

ಹೀಗೆ ಅಳೆಯುವ ಎಡೆಗಳಲ್ಲಿ ಅತ್ಯಂತ ಕುತೂಹಲಕರವಾದದ್ದು ಟ್ರೋಪೋಪಾಸ್. ಮೋಡ ಮಳೆಗಳ ಕೆಳಗಾಳಿ ಮುಗಿದು ಓಜೋನಿನ ಮೇಲ್ಗಾಳಿ ಮೊದಲಾಗುವ ಎಲ್ಲೆ. ಬಿಸಿಲಿನಿಂದ ಬೇಯುವ ನಮ್ಮ ಉಷ್ಣವಲಯದ ನೆತ್ತಿಯ ಮೇಲೆಯೇ ಈ ಎಲ್ಲೆ ಅತಿ ಎತ್ತರ, ಅತಿ ಶೀತಲ: ಸುಮಾರು 16–17 ಕಿಲೋಮೀಟರು ಮೇಲೆ, ಸೊನ್ನೆಗಿಂತ ಕೆಳಗೆ 80 ಡಿಗ್ರಿಯಷ್ಟು ಚಳಿ. ಉಪಗ್ರಹಗಳಿಲ್ಲದ ಕಾಲದಲ್ಲಿ, ಆಗ್ರಾದಿಂದ ಹಾರಿಸಿದ ಬಲೂನುಗಳ ಅಳತೆಗಳನ್ನೂ ಇಟ್ಟುಕೊಂಡು, 1929ರಲ್ಲಿ ಕೆ. ಆರ್. ರಾಮನಾಥನ್ ಈ ವೈಚಿತ್ರ್ಯವನ್ನು ಸ್ಪಷ್ಟವಾಗಿ ಬರೆದು ತೋರಿಸಿದರು.

ಇಷ್ಟನ್ನೂ ಮರಳಿನ ಮೇಲೆ ಗೆರೆ ಎಳೆದು ವಿವರಿಸಿದೆ. ಅಜ್ಜಯ್ಯ ತಾಳ್ಮೆಯಿಂದ ಕೇಳಿ, “ಉಪಾಧಿಯ ಮಾತು ಶೃಂಗೇರಿ ಕಡೆಯದ್ದು. ನಮ್ಮ ಆಚಾರ್ಯರ ಮತದಲ್ಲಿ, ಕಂಡದ್ದು ನಿಜ ಹೌದೋ ಅಲ್ಲವೋ ಅಂತ ಕಡೆಗೆ ನಿಶ್ಚಯ ಮಾಡುವವನು ಒಳಗಿನ ಸಾಕ್ಷಿ. ನಿನ್ನ ಉಪಗ್ರಹಕ್ಕೆ ಸಾಕ್ಷಿ ಯಾರು?” ಎಂದರು.

ಈ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಈಗ ಯೋಚಿಸಿದರೆ, ಅದು ಆ ವಿದ್ಯೆಯ ಮರ್ಮಕ್ಕೇ ತಗಲಿದ ಪ್ರಶ್ನೆಯೆಂದು ತೋರುವುದು. ಉಪಗ್ರಹಕ್ಕೆ ಸಿಕ್ಕುವುದು ಬೆಳಕು ಅಥವಾ ಅಲೆ, ಓಜೋನಲ್ಲ, ಉಷ್ಣತೆಯಲ್ಲ. 2004ರಲ್ಲಿ ಹಾರಿಸಿದ ಔರಾ ಉಪಗ್ರಹದ ಮೈಕ್ರೋವೇವ್ ಉಪಕರಣದಂಥವುಗಳ ಲೆಕ್ಕ ಮಾಡುವವರು, ಗಾಳಿ ಹೀಗಿದ್ದೀತೆಂಬ ಒಂದು ಪೂರ್ವಕಲ್ಪನೆಯಿಂದ ಹೊರಟು, ಬಂದ ಅಲೆಗಳಿಗೆ ಹೊಂದುವಂತೆ ಅದನ್ನು ತಿದ್ದುತ್ತ ಹೋಗುವರು. ಅಲೆಯಲ್ಲಿ ಸುದ್ದಿ ಹೆಚ್ಚಾಗಿರುವೆಡೆ ಕಲ್ಪನೆ ತಿದ್ದಿಕೊಳ್ಳುವುದು, ಸುದ್ದಿ ಕಡಮೆಯಾದೆಡೆ ಕಲ್ಪನೆಯೇ ಅಳತೆಯ ವೇಷದಲ್ಲಿ ಮರಳಿ ಬರುವುದು. ಟ್ರೋಪೋಪಾಸಿನ ಬಳಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ಉಷ್ಣತೆ ಇಳಿದು ಇಳಿದು ಕಿರಿದಾದ ಒಂದು ಪದರದಲ್ಲಿ ಥಟ್ಟನೆ ಹೊರಳುವುದು. ಹಲವು ಕಿಲೋಮೀಟರು ದಪ್ಪದ ಗಾಳಿಯನ್ನು ಒಟ್ಟಿಗೆ ನೋಡುವ ಉಪಕರಣಕ್ಕೆ ಆ ಮೊನೆ ಮೊಂಡಾಗಿ, ಅತಿ ಶೀತಲವಾದ ತಾಣ ಇದ್ದುದಕ್ಕಿಂತ ಬೆಚ್ಚಗೆ ಕಾಣುವುದು.

ನನಗೆ ಮೆಚ್ಚಿಕೆಯಾದ ಸಂಗತಿಯೆಂದರೆ, ಅವರು ಇದನ್ನು ಮುಚ್ಚಿಡುವುದಿಲ್ಲ. ಪ್ರತಿ ಎತ್ತರದಲ್ಲಿಯೂ ಈ ಉತ್ತರದಲ್ಲಿ ಆಕಾಶ ಹೇಳಿದ್ದೆಷ್ಟು, ನಾವು ಮೊದಲೇ ನಂಬಿದ್ದುದೆಷ್ಟು ಎಂಬುದರ ಲೆಕ್ಕವನ್ನೂ ಅಳತೆಯ ಜೊತೆಗೇ ಕೊಡುವರು. ನಮ್ಮ ತರ್ಕಗೋಷ್ಠಿಗಳಲ್ಲಿ, ವಾದ ಎಷ್ಟೇ ಪ್ರೌಢವಾಗಿರಲಿ, “ಇದರಲ್ಲಿ ಇಷ್ಟು ಪಾಲು ನನ್ನ ಮನೆತನದಿಂದ ಬಂದದ್ದು” ಎಂದು ಎದ್ದು ಹೇಳಿದವರನ್ನು ನಾನು ಕಂಡಿಲ್ಲ.

ಸಾಕ್ಷಿಯ ಕೆಲಸವನ್ನು ಮಾಡಿದವನೊಬ್ಬನಿದ್ದಾನೆ. ಪ್ಯಾರಿಸಿನ ಬಳಿಯ ತ್ರಾಪ್ ಎಂಬಲ್ಲಿ ಲೆಯೋಂ ತೆಸ್ರೆಂಕ್ ದ ಬೋರ್ ಹಾರಿಸಿದ ಬಲೂನುಗಳ ಉಷ್ಣಮಾಪಕಗಳು, ಹನ್ನೊಂದು ಕಿಲೋಮೀಟರಿನ ಆಸುಪಾಸಿನಲ್ಲಿ, ಚಳಿ ಏರುವುದು ನಿಂತಿತೆಂದು ತೋರಿಸಿದವು. ಮೇಲೆ ಹೋದಷ್ಟೂ ಚಳಿಯೆಂದು ಲೋಕವೆಲ್ಲ ನಂಬಿದ್ದ ಕಾಲ. ಅವನು ಲೋಕವನ್ನೂ ನಂಬಲಿಲ್ಲ, ಉಪಕರಣವನ್ನೂ ನಂಬಲಿಲ್ಲ. ಬಿಸಿಲು ತಾಗಿ ಮಾಪಕ ಸುಳ್ಳಾಡಿರಬಹುದೆಂದು ಶಂಕಿಸಿ ರಾತ್ರಿಯಲ್ಲಿ ಬಲೂನು ಬಿಟ್ಟನು. ರಾತ್ರಿಯೂ ಅದೇ ಉತ್ತರ. ಇನ್ನೂರಕ್ಕೂ ಹೆಚ್ಚು ಬಲೂನುಗಳಾದ ಮೇಲೆಯೇ, 1902ರಲ್ಲಿ, ಅವನು ಬಾಯಿಬಿಟ್ಟದ್ದು.

ಇದನ್ನು ಹೇಳಿದ್ದರೆ ಅಜ್ಜಯ್ಯ ಒಪ್ಪುತ್ತಿದ್ದರೋ ಏನೋ. ಮರುದಿನ ಸಂಜೆ ನಾವು ತೀರಕ್ಕೆ ಹೋದಾಗ ಸೂರ್ಯನು ದಿಗಂತದಿಂದ ಇನ್ನೂ ಒಂದು ಮೊಳ ಮೇಲಿದ್ದನು. ಅವರು ನನ್ನ ಕಡೆ ನೋಡದೆ, ಪಂಚೆಯನ್ನು ಎತ್ತಿ ಕಟ್ಟಿ, ನೀರಿಗಿಳಿದರು.