ಭಿಕ್ಷಾಪಾತ್ರೆಯ ಅರ್ಥಶಾಸ್ತ್ರ

ಹಣ ಮುಟ್ಟುವುದಿಲ್ಲವೆಂದು ವ್ರತ ತೊಟ್ಟವರು ಅರ್ಥಶಾಸ್ತ್ರವನ್ನೇಕೆ ಓದಬೇಕು? ಚೀವರ ಧರಿಸಿದ ಭಿಕ್ಖುವೊಬ್ಬರು ವಿಶ್ವವಿದ್ಯಾಲಯಕ್ಕೆ ಹೋಗಿ ಸಂಪತ್ತಿನ ಹಂಚಿಕೆಯನ್ನೋ ರಾಜ್ಯಾಡಳಿತವನ್ನೋ ಸಂಶೋಧನೆಗೆ ಆರಿಸಿಕೊಂಡರೆ ನಮ್ಮಲ್ಲಿ ಅನೇಕರಿಗೆ ಹೀಗನ್ನಿಸುತ್ತದೆ. ಬಿಟ್ಟವರಿಗೆ ಬಿಟ್ಟದ್ದರ ಗೊಡವೆ ಯಾಕೆ ಎಂಬ ಗುಮಾನಿ ಅದು.

ಭಿಕ್ಖುಗಳ ನಡವಳಿಕೆಯ ಕಟ್ಟಳೆಯಾದ ವಿನಯದ ನಿಯಮಗಳನ್ನು ನೋಡಿದರೆ ಈ ಗುಮಾನಿ ನಿಲ್ಲುವುದಿಲ್ಲ. ಭಿಕ್ಖು ನೆಲ ಅಗೆಯುವಂತಿಲ್ಲ, ಚಿನ್ನ ಬೆಳ್ಳಿ ತೆಗೆದುಕೊಳ್ಳುವಂತಿಲ್ಲ, ಇವತ್ತಿನ ಅನ್ನವನ್ನು ನಾಳೆಗೆ ಎತ್ತಿಡುವಂತಿಲ್ಲ. ಹೀಗಾಗಿ ಊರಿನ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬುದು ದಿನಬೆಳಗಾದರೆ ಅವರ ಪಾತ್ರೆಯಲ್ಲೇ ಗೊತ್ತಾಗುತ್ತದೆ. ವೇರಂಜದಲ್ಲಿ ಬರ ಬಿದ್ದಾಗ ಬುದ್ಧ ಒಂದು ಮಳೆಗಾಲವಿಡೀ ಕುದುರೆ ವ್ಯಾಪಾರಿಗಳು ಕೊಟ್ಟ ಕುದುರೆ ಮೇವಿನ ಧಾನ್ಯ ಕುಟ್ಟಿ ತಿಂದು ಕಳೆದ ಸಂಗತಿ ವಿನಯಪಿಟಕದ ಆರಂಭದಲ್ಲೇ ಇದೆ. ಕೂಡಿಡಲು ಹಕ್ಕಿಲ್ಲದವನಿಗೆ ಊರಿನ ಅರ್ಥವ್ಯವಸ್ಥೆ ಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ.

ಇಂಥ ಓದು ಆಡಳಿತಕ್ಕೂ ಇಳಿದ ಒಂದು ನಿದರ್ಶನ ನಮ್ಮ ಮೈಸೂರು ಜಿಲ್ಲೆಯವರೆಗೂ ಬಂದಿದೆ. ಸಾರನಾಥದ ಉನ್ನತ ಟಿಬೆಟನ್ ಅಧ್ಯಯನ ಸಂಸ್ಥೆಯನ್ನು ದಶಕಗಳ ಕಾಲ ಮುನ್ನಡೆಸಿದ ವಿದ್ವಾಂಸ ಭಿಕ್ಷು ಸಾಮ್‌ಧೋಂಗ್ ರಿಂಪೋಚೆ 2001ರಲ್ಲಿ ದೇಶಭ್ರಷ್ಟ ಟಿಬೆಟನ್ನರ ನೇರ ಮತದಿಂದ ಅವರ ಆಡಳಿತದ ಮುಖ್ಯಸ್ಥರಾದರು. 2011ರವರೆಗೆ ಆ ಹೊಣೆ ಹೊತ್ತರು. ಗಾಂಧಿಯನ್ನು ಆಳವಾಗಿ ಓದಿದವರು ಅವರು. ಆಡಳಿತವೇ ನಡೆಸುತ್ತಿದ್ದ ವ್ಯಾಪಾರಗಳಿಂದ ಅದನ್ನು ಹಿಂದೆ ಸರಿಸಿದರು, ಟಿಬೆಟನ್ ನೆಲೆಗಳಲ್ಲಿ ರಾಸಾಯನಿಕ ಬಿಟ್ಟು ಸಾವಯವ ಬೇಸಾಯ ಮಾಡಿ ಎಂದರು. ಬೈಲುಕುಪ್ಪೆಯ ಮುಸುಕಿನ ಜೋಳದ ಹೊಲಗಳಲ್ಲಿ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯದಲ್ಲಿ ಆ ಮಾತು ರೈತರ ಲೆಕ್ಕಾಚಾರವನ್ನು ಎದುರಿಸಬೇಕಾಯಿತು. ಅಹಿಂಸೆ ಗೊಬ್ಬರದ ಚೀಲದವರೆಗೆ ಬರಬೇಕೆಂದು ಒಬ್ಬ ಆಡಳಿತಗಾರ ಹಟ ಹಿಡಿದದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈ ಓದಿನ ಬೇರು ಪಾಳಿ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ ಇದೆ. ದೀಘನಿಕಾಯದ ಕೂಟದಂತ ಸುತ್ತದಲ್ಲಿ ಮಹಾಯಜ್ಞಕ್ಕೆ ಹೊರಟ ರಾಜನ ಕಥೆ ಬರುತ್ತದೆ. ನಾಡಿನಲ್ಲಿ ಕಳ್ಳಕಾಕರ ಹಾವಳಿ. ಕೊಂದು, ಕಟ್ಟಿಹಾಕಿ ಇದನ್ನು ನಿಲ್ಲಿಸಲಾಗದು ಎನ್ನುತ್ತಾನೆ ಪುರೋಹಿತ. ಬೇಸಾಯಗಾರನಿಗೆ ಬೀಜ ಕೊಡು, ದನ ಸಾಕುವವನಿಗೆ ಮೇವು ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ರಾಜಸೇವಕನಿಗೆ ಸಂಬಳ ಕೊಡು. ಚಕ್ಕವತ್ತಿ ಸೀಹನಾದ ಸುತ್ತ ಇದನ್ನೇ ಇನ್ನೊಂದು ತುದಿಯಿಂದ ಹೇಳುತ್ತದೆ. ಅರಸ ಎಲ್ಲ ಮಾಡಿದ, ಬಡವರಿಗೆ ಕೊಡುವುದೊಂದನ್ನು ಬಿಟ್ಟ. ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಸುಳ್ಳು, ಕೊನೆಗೆ ಮನುಷ್ಯರ ಆಯಸ್ಸೇ ಕುಗ್ಗಿತು. ಬಡತನ ಬಡವನ ಹಿಂದಿನ ಜನ್ಮದ ಲೆಕ್ಕ ಎಂದು ಈ ಕಥೆ ಹೇಳುವುದಿಲ್ಲ. ರಾಜ್ಯ ತನ್ನ ಕೆಲಸ ಮಾಡಲಿಲ್ಲ ಎಂದು ಹೇಳುತ್ತದೆ.

ಬುದ್ಧ ಯಜ್ಞದ ಕಥೆ ಹೇಳಿದ್ದು ಕೂಟದಂತನಿಗೆ; ಆತ ಯಾರೆಂಬುದನ್ನೂ ಗಮನಿಸಬೇಕು. ಬಿಂಬಿಸಾರ ದಾನ ಕೊಟ್ಟ ಖಾಣುಮತವೆಂಬ ಬ್ರಹ್ಮದೇಯ ಗ್ರಾಮದ ಒಡೆಯ ಆತ. ತಿ. ನರಸೀಪುರ ತಾಲ್ಲೂಕಿನಲ್ಲಿ ನಿಂತು ಈ ಸುತ್ತ ಓದಿದರೆ ಅದು ಮಗಧದಲ್ಲೇ ಉಳಿಯುವುದಿಲ್ಲ. ಸೋಮನಾಥಪುರವನ್ನು ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ್ದು ಅಗ್ರಹಾರವಾಗಿಯೇ. ಅಲ್ಲಿನ ಕೇಶವ ದೇಗುಲ ಹದಿಮೂರನೆಯ ಶತಮಾನದ್ದು. ಕಾವೇರಿ, ಕಪಿಲೆ ಕೂಡುವ ಈ ಸೀಮೆಯಲ್ಲಿ ಶಾಸನಗಳು ಕೊಟ್ಟವರನ್ನೂ ಪಡೆದವರನ್ನೂ ನೆನೆಯುತ್ತವೆ. ಗದ್ದೆಯಲ್ಲಿ ನಾಟಿ ಹಾಕಿದವರ ಹೆಸರು ಹುಡುಕಿದರೆ ಸಿಗುವುದು ಕಷ್ಟ. ಬುದ್ಧ ಬೀಜದ ಮಾತು ತೆಗೆದದ್ದು ಇಂಥ ದತ್ತಿಭೂಮಿಯ ಒಡೆಯನ ಎದುರಿಗೇ.

ಆಧುನಿಕರಲ್ಲಿ ಬೌದ್ಧ ಅರ್ಥಶಾಸ್ತ್ರ ಎಂದೊಡನೆ ಶುಮಾಕರ್ ಹೆಸರು ಬರುತ್ತದೆ. 1955ರಲ್ಲಿ ಬರ್ಮಾಕ್ಕೆ ಆರ್ಥಿಕ ಸಲಹೆಗಾರನಾಗಿ ಹೋದ ಆತ ಮುಂದೆ ಸಣ್ಣ ಪ್ರಮಾಣದ, ಊರಿಗೆ ಊರೇ ಆಸರೆಯಾಗುವ ಉತ್ಪಾದನೆಯನ್ನು ಎತ್ತಿಹಿಡಿದ. ಗಾಂಧಿಯ ಜೊತೆಗಾರ ಕುಮಾರಪ್ಪನವರಿಂದ ಕಲಿತ. ಥಾಯ್ ಭಿಕ್ಖು ಪಯುತ್ತೋ ಇದೇ ಹಾದಿಯಲ್ಲಿ ಇನ್ನೂ ಒಳಕ್ಕೆ ಹೋಗಿ, ತಣ್ಹೆಯಿಂದ, ಅಂದರೆ ತೃಷ್ಣೆಯಿಂದ ಹುಟ್ಟುವ ಬೇಡಿಕೆ ಬೇರೆ, ಒಳಿತಿಗಾಗಿ ಹುಟ್ಟುವ ಇಚ್ಛೆ ಬೇರೆ ಎಂದು ಬಿಡಿಸಿ ತೋರಿಸಿದರು. ಇವೆಲ್ಲ ಬೆಲೆಯುಳ್ಳ ಮಾತುಗಳೇ. ಆದರೆ ನಂಜನಗೂಡು, ತಿ. ನರಸೀಪುರದ ಕೇರಿಗಳಿಗೆ ಬುದ್ಧ ಬಂದದ್ದು ಶುಮಾಕರ್ ದಾರಿಯಲ್ಲಿ ಅಲ್ಲ. ಅಂಬೇಡ್ಕರ್ ಕೈಹಿಡಿದು ಬಂದ. ರೂಪಾಯಿಯ ಸಮಸ್ಯೆಯ ಮೇಲೆ ಲಂಡನ್ನಿನಲ್ಲಿ ಪ್ರಬಂಧ ಬರೆದು 1923ರಲ್ಲಿ ಡಾಕ್ಟರೇಟ್ ಪಡೆದ ಅರ್ಥಶಾಸ್ತ್ರಜ್ಞ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧನಾದ. ಮುಂದಿನ ತಿಂಗಳೇ ಕಠ್ಮಂಡುವಿನಲ್ಲಿ ಬುದ್ಧನನ್ನೂ ಮಾರ್ಕ್ಸ್‌ನನ್ನೂ ಎದುರುಬದುರು ಇಟ್ಟು ಮಾತಾಡಿದ. ಶುಮಾಕರ್ ನೆಮ್ಮದಿ ಕಂಡ ಹಳ್ಳಿಯಲ್ಲಿ ಅಂಬೇಡ್ಕರ್ ಕಂಡದ್ದು ಕೊಳೆತ ಕೂಪ.

ಈ ಎರಡೂ ನೋಟಗಳು ಮುಖಾಮುಖಿಯಾಗುವ ಊರು ನಂಜನಗೂಡು ತಾಲ್ಲೂಕಿನಲ್ಲಿದೆ: ಬದನವಾಳು. ಗಾಂಧಿ 1927ರಲ್ಲಿ ಬಂದ ಊರು. ಇಲ್ಲಿನ ಖಾದಿ ಕೇಂದ್ರ ಶುರುವಾದದ್ದು ದಲಿತ ಹೆಣ್ಣುಮಕ್ಕಳ ಕೈಯಿಂದ ಎಂಬ ನೆನಪು ಊರಲ್ಲಿದೆ. ಸುಸ್ಥಿರ ಬದುಕಿನ ಮಾತಾಡಲು 2015ರಲ್ಲಿ ರಂಗಕರ್ಮಿ ಪ್ರಸನ್ನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದೂ ಇದೇ ಊರನ್ನು. ಕುಮಾರಪ್ಪ, ಶುಮಾಕರ್ ಬಯಸಿದ್ದೆಲ್ಲ ಇಲ್ಲಿತ್ತು: ಕೈಮಗ್ಗ, ಸ್ಥಳೀಯ ದುಡಿಮೆ, ಮಿತವಾದ ಬದುಕು. 1993ರಲ್ಲಿ ದೇವಸ್ಥಾನ ಪ್ರವೇಶದ ತಗಾದೆಯ ಬೆನ್ನಿಗೆ ಮೂವರು ದಲಿತರ ಕೊಲೆಯಾದದ್ದೂ ಇಲ್ಲೇ. ಆಮೇಲೆ ಲಿಂಗಾಯತರ ಬೀದಿಗೂ ದಲಿತರ ಬೀದಿಗೂ ನಡುವಿನ ದಾರಿಯಲ್ಲಿ ಓಡಾಟವೇ ನಿಂತುಹೋಯಿತು. ಮತ್ತೆ ಅದು ತೆರೆದದ್ದು 2022ರ ಅಕ್ಟೋಬರ್ 2ರಂದು, ರಾಹುಲ್ ಗಾಂಧಿ ಬಂದಾಗ, ಎರಡೂ ಬೀದಿಯವರು ಒಟ್ಟಿಗೆ ಕೂತು ಉಂಡ ದಿನ.

ಬೌದ್ಧ ಅರ್ಥಶಾಸ್ತ್ರಕ್ಕೆ ಬದನವಾಳು ಹಾಕುವ ಪ್ರಶ್ನೆಗೆ ಮಿತಬಳಕೆಯೊಂದೇ ಉತ್ತರವಾಗಲಾರದು. ನೂಲು ಕೈಯಲ್ಲೇ ತೆಗೆದರೂ ಆ ಕೈ ಯಾರದೆಂಬ ಲೆಕ್ಕ ಹೋಗಲಿಲ್ಲವಲ್ಲ. ಇದಕ್ಕೆ ಸುಳಿವು ಇರುವುದು, ನನ್ನ ತಿಳಿವಿನಲ್ಲಿ, ಭಿಕ್ಷಾಟನೆಯ ಒಂದು ವ್ರತದಲ್ಲಿ: ಅದನ್ನು ತೊಟ್ಟ ಭಿಕ್ಖು ಮನೆಗಳನ್ನು ಆರಿಸಿಕೊಂಡು ಹೋಗುವಂತಿಲ್ಲ, ಸಾಲಾಗಿ ಒಂದನ್ನೂ ದಾಟದೆ ಹೋಗಬೇಕು. ಉಳ್ಳವರ ಅನ್ನ, ಇಲ್ಲದವರ ಗಂಜಿ, ಮೇಲಿನವರದು, ಕೆಳಗಿನವರದು ಎಲ್ಲ ಒಂದೇ ಪಾತ್ರೆಯಲ್ಲಿ ಬೆರೆಯುತ್ತವೆ. ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಕೊಟ್ಟು, ಅವರು ಅವನಿಗೆ ನಮಸ್ಕರಿಸುವಂತೆ ಮಾಡಿದ ಸಂಘದ ವ್ರತ ಅದು. ಹಂಚಿಕೆಯ ಮಾತು ಸಂಪತ್ತಿಗೆ ಮೊದಲು ಬೀದಿಗೆ ಸಂಬಂಧಿಸಿದ್ದು. ಸಾಲು ತಪ್ಪದೆ ನಡೆಯಲು ದಾರಿ ಬೇಕು. 29 ವರ್ಷ ಮುಚ್ಚಿದ್ದ ದಾರಿಯಲ್ಲಿ ಭಿಕ್ಖುವಿನ ಪಾತ್ರೆಯೂ ಅರ್ಧವೇ ತುಂಬುತ್ತಿತ್ತು. ಈ ಸೀಮೆಯ ವಿಹಾರದಿಂದ ಒಬ್ಬ ತರುಣ ಭಿಕ್ಖು ಮೈಸೂರಿಗೆ ಹೋಗಿ ಬೌದ್ಧ ಅರ್ಥಶಾಸ್ತ್ರವನ್ನೇ ಅಧ್ಯಯನಕ್ಕೆ ಆರಿಸಿಕೊಂಡರೆ, ಪಾಳಿ ಗ್ರಂಥಗಳ ಜೊತೆಗೆ ನಾಲೆಯ ನೀರು ಯಾರ ಗದ್ದೆಗೆ ಮೊದಲು ಹರಿಯುತ್ತದೆ, ಗೇಣಿಗೆ ಉಳುವವನಿಗೆ ಬೀಜದ ಸಾಲ ಯಾರು ಕೊಡುತ್ತಾರೆ, ನಂಜನಗೂಡಿನ ಕಾರ್ಖಾನೆಗಳಲ್ಲಿ ಗುತ್ತಿಗೆ ಕೂಲಿಗೆ ನಿಲ್ಲುವವರು ಯಾವ ಬೀದಿಯಿಂದ ಬರುತ್ತಾರೆ ಎಂಬುದನ್ನೂ ಕೇಳುತ್ತಾ ಹೋಗಲಿ ಎಂಬುದು ನನ್ನ ಆಸೆ. ಕೂಟದಂತನಿಗೆ ಬುದ್ಧ ಹೇಳಿದ ಕಥೆಯಲ್ಲಿ ಬೀಜ, ಮೇವು, ಬಂಡವಾಳ, ಸಂಬಳ ಎಂದು ಬಿಡಿಬಿಡಿಯಾಗಿಯೇ ಎಣಿಸಲಾಗಿತ್ತು.